ಜಕಣಾಚಾರಿಯ ಕೈ, ಕೈದಾಳದ ಶಾಸನ: ಹೊಸ ಕಲ್ಲಿನಲ್ಲಿ ಏನನ್ನು ಕೆತ್ತಬೇಕು?

ಪ್ರಶ್ನೆ: ನಾನು ತುಮಕೂರು ತಾಲ್ಲೂಕಿನವನು. ಕಲ್ಲು ಕೆತ್ತನೆ ನಮ್ಮ ಮನೆಯ ಕಸುಬು. ನಮ್ಮ ಕುಲಬಾಂಧವರ ಸಂಘದವರು ಊರಿನ ಕಾಳಿಕಾಂಬಾ ಗುಡಿಯ ಅಂಗಳದಲ್ಲಿ ಕೈದಾಳದ ಚೆನ್ನಕೇಶವ ದೇವಸ್ಥಾನದ ಸ್ಥಳಪುರಾಣವನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಬೇಕೆಂದು ತೀರ್ಮಾನಿಸಿ ಆ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಅವರು ಕೊಟ್ಟ ಒಕ್ಕಣೆ ಹೀಗಿದೆ: ‘ಕ್ರಿ.ಶ. 1117ರಲ್ಲಿ ಬೇಲೂರಿನಲ್ಲಿ ತನ್ನ ಬಲಗೈಯನ್ನು ಕತ್ತರಿಸಿಕೊಂಡ ನಮ್ಮ ವಂಶದ ಮೂಲಪುರುಷ ಅಮರಶಿಲ್ಪಿ ಜಕಣಾಚಾರಿಯು ಕೈದಾಳದಲ್ಲಿ ದೇಗುಲವನ್ನು ಕಟ್ಟಿ ಕೈಯನ್ನು ಮರಳಿ ಪಡೆದನು.’ ಇತಿಹಾಸ ಓದುತ್ತಿರುವ ನನ್ನ ಮಗಳು ಇದನ್ನು ನೋಡಿ, ಆ ದೇಗುಲವನ್ನು ಕಟ್ಟಿಸಿದವನು ಬಾಚಿ ಎಂಬ ಸಾಮಂತನೆಂದು ಶಾಸನವೇ ಹೇಳುತ್ತದೆ, ಜಕಣಾಚಾರಿ ಎಂಬವನು ಇರಲೇ ಇಲ್ಲ, ಸುಳ್ಳನ್ನು ಕಲ್ಲಿನ ಮೇಲೆ ಕೆತ್ತಬೇಡಪ್ಪ ಎನ್ನುತ್ತಾಳೆ. ನಮ್ಮಜ್ಜ ಕಲ್ಲಿಗೆ ಮೊದಲ ಏಟು ಹಾಕುವಾಗಲೆಲ್ಲ ಜಕಣಾಚಾರಿಯನ್ನು ನೆನೆಯುತ್ತಿದ್ದರು. ಅವರು ನೆನೆದದ್ದು ಇಲ್ಲದ ಮನುಷ್ಯನನ್ನೇ? ನಾನು ಏನನ್ನು ಕೆತ್ತಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಕೆತ್ತುವ ಮಾತು ನಿಜವಾಗಿರಬೇಕು ಎಂಬುದು ಒಂದು. ನಿಜ ಹೇಳಹೊರಟು ಅಜ್ಜನ ನೆನಪಿಗೆ ಅಪಚಾರವಾಗಬಾರದು ಎಂಬುದು ಇನ್ನೊಂದು. ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಸನಗಳ ಅಚ್ಚು ತೆಗೆಯುತ್ತ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಗುಡಿಗಳ ಮುಂದೆ ಕುಳಿತು ಹಿರಿಯರ ಬಾಯಿಂದ ಕಥೆ ಕೇಳುತ್ತ ಬಂದವನಾಗಿ ಹೇಳುತ್ತೇನೆ, ಈ ಎರಡರಲ್ಲಿ ಒಂದನ್ನು ಬಿಟ್ಟುಕೊಡುವ ಅಗತ್ಯ ನಿಮಗಿಲ್ಲ. ಆದರೆ ಸಂಘದ ಒಕ್ಕಣೆ ಇರುವಂತೆಯೇ ಕಲ್ಲಿಗೆ ಇಳಿಯಕೂಡದು. ನಿಮ್ಮ ಮಗಳ ಮಾತಿನಲ್ಲಿ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಆತುರದ್ದು.

ಮೊದಲು ಕಥೆಯನ್ನು ನೋಡೋಣ. ಕೈದಾಳಕ್ಕೆ ಹಿಂದೆ ಕ್ರೀಡಾಪುರವೆಂಬ ಹೆಸರಿತ್ತಂತೆ. ಅಲ್ಲಿ ಹುಟ್ಟಿದ ಜಕಣ ಮದುವೆಯಾದ ಸ್ವಲ್ಪ ದಿನಕ್ಕೇ ಮನೆ ಬಿಟ್ಟು, ಊರೂರು ತಿರುಗಿ ಗುಡಿ ಕಟ್ಟುತ್ತ, ಹೆಂಡತಿಯನ್ನೂ ಮರೆತು ಕಲ್ಲಿನಲ್ಲಿ ಮುಳುಗಿಹೋದನಂತೆ. ಅವನು ಕಾಣದ ಮಗ ಡಂಕಣ ಬೆಳೆದು ದೊಡ್ಡವನಾಗಿ, ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬಂದು, ಅಲ್ಲಿ ಕೆತ್ತಿ ನಿಲ್ಲಿಸಿದ್ದ ವಿಗ್ರಹವೊಂದರಲ್ಲಿ ದೋಷವಿದೆಯೆಂದನಂತೆ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆಂದು ಜಕಣ ಪಣ ಕಟ್ಟಿದ. ವಿಗ್ರಹಕ್ಕೆ ಗಂಧ ಪೂಸಿದರೆ ಮೈಯೆಲ್ಲ ಒಣಗಿತು, ಹೊಕ್ಕಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ನೀರು, ಮರಳು, ಕಪ್ಪೆ ಹೊರಬಂದವು. ಜಕಣ ಕೈ ಕತ್ತರಿಸಿಕೊಂಡ ಮೇಲೆಯೇ ತಂದೆಮಕ್ಕಳಿಗೆ ಪರಸ್ಪರ ಗುರುತು ಸಿಕ್ಕಿತು. ಹುಟ್ಟೂರಿನಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟೆಂದು ಕನಸಿನಲ್ಲಿ ಅಪ್ಪಣೆಯಾಯಿತು, ಗುಡಿ ಮುಗಿದಾಗ ಕೈ ಬಂತು, ಊರು ಕೈದಾಳವಾಯಿತು. ಈ ಕಥೆ ನಿನ್ನೆ ಮೊನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ, ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಇದನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಕೇಳಿ ದಾಖಲಿಸಿದ್ದಾರೆ.

ಅದೇ ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ, ಅಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ, ಕೈದಾಳದ ಶಾಸನವೂ ಇದೆ. ಕ್ರಿ.ಶ. 1150ರ ಸುಮಾರಿನ, ಹೊಯ್ಸಳ ಒಂದನೆಯ ನರಸಿಂಹನ ಕಾಲದ ಆ ಶಾಸನದ ಪ್ರಕಾರ ಸಾಮಂತ ಬಾಚಿದೇವನು ಕೈದಾಳದಲ್ಲಿ ತನ್ನ ತಂದೆಯ ಹೆಸರಿನಲ್ಲಿ ಗಂಗೇಶ್ವರವೆಂಬ ಶಿವಾಲಯವನ್ನೂ ವಿಷ್ಣುವಿಗೊಂದು ದೇಗುಲವನ್ನೂ ಜೈನ ಬಸದಿಯನ್ನೂ ಮಾಡಿಸಿದನು. ಒಬ್ಬನೇ ಮನುಷ್ಯ ಶಿವ, ವಿಷ್ಣು, ಜಿನ ಮೂವರಿಗೂ ನೆಲೆ ಮಾಡಿಕೊಟ್ಟ ಈ ಸಂಗತಿ ನನ್ನ ಮಟ್ಟಿಗೆ ಕಪ್ಪೆಯ ಕಥೆಗಿಂತ ಕಡಿಮೆ ಬೆರಗಿನದಲ್ಲ. ನಮ್ಮ ಸೀಮೆಯ ಮಕ್ಕಳಿಗೆ ಅದು ತಿಳಿಯದೆ ಹೋಗಿರುವುದು ನನಗೆ ನೋವಿನ ವಿಷಯ.

ಗುಳೂರಿನ ಗಣಪತಿಯನ್ನು ನೋಡಲು ಹೋದಾಗ ಪಕ್ಕದ ಕೈದಾಳಕ್ಕೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಮುಂದಿನ ಸಲ ಮಹಾದ್ವಾರದ ಕಂಬದ ಮೇಲೆ ಕೈಮುಗಿದು ನಿಂತ ಆಕೃತಿಯನ್ನು ಸ್ವಲ್ಪ ಹತ್ತಿರ ಹೋಗಿ ನೋಡಿ. ಊರವರು ಅದನ್ನು ಜಕಣಾಚಾರಿಯೆಂದು ತೋರಿಸುತ್ತಾರೆ. ಮೈಮೇಲೆ ಉತ್ತರೀಯವಿದೆ, ಸೊಂಟದಲ್ಲಿ ಕಠಾರಿ ಇದೆ. ನೀವು ಕೆತ್ತುವವರು, ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ: ಒಬ್ಬ ಶಿಲ್ಪಿಯನ್ನು ಗುರುತಿಸುವಂತೆ ಕೆತ್ತೆಂದರೆ ಅವನ ಸೊಂಟಕ್ಕೆ ಏನನ್ನು ಸಿಕ್ಕಿಸುತ್ತೀರಿ, ಕಠಾರಿಯನ್ನೋ ಉಳಿಯನ್ನೋ? ಗುಡಿ ಮಾಡಿಸಿದ ನಾಯಕ ತನ್ನ ದೇವರ ಬಾಗಿಲಲ್ಲಿ ಕೈಮುಗಿದು ನಿಲ್ಲುವುದು ನಮ್ಮ ಶಿಲ್ಪಗಳಲ್ಲಿ ಮತ್ತೆ ಮತ್ತೆ ಕಾಣುವ ರೂಢಿ. ಆ ಆಕೃತಿ ಬಾಚಿದೇವನದೇ ಇರಬೇಕೆಂಬ ವಿದ್ವಾಂಸರ ಅಭಿಪ್ರಾಯವನ್ನು ನಾನೂ ಒಪ್ಪುತ್ತೇನೆ. ಕಾಲ ಕಳೆದಂತೆ ಬಾಚಿದೇವನ ಹೆಸರು ಊರ ಬಾಯಿಂದ ಮರೆಯಾಗಿ, ಅವನ ಮೂರ್ತಿಗೂ ಶಿಲ್ಪಿಯ ಹೆಸರು ಬಂದು ಕೂತಿದೆ.

ಇನ್ನು ಜಕಣಾಚಾರಿ ಇದ್ದನೇ ಎಂಬ ಪ್ರಶ್ನೆ. ಹೊಯ್ಸಳ ಕಾಲದ ರೂವಾರಿಗಳು, ಅಂದರೆ ಶಿಲ್ಪಿಗಳು, ತಮ್ಮ ಹೆಸರನ್ನು ಬಚ್ಚಿಟ್ಟವರಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ವಿಗ್ರಹಗಳ ಪೀಠದಲ್ಲೇ ಇವೆ. ಹಳೇಬೀಡಿನಲ್ಲಿ ಕೇದಾರೋಜನ ಹೆಸರು ಸಿಗುತ್ತದೆ, ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನದು ಸಿಗುತ್ತದೆ. ಷ. ಶೆಟ್ಟರ್ ಅವರಂಥ ಇತಿಹಾಸಕಾರರು ಈ ಸಹಿಗಳನ್ನು ಒಂದೊಂದಾಗಿ ಹುಡುಕಿ ಅಧ್ಯಯನ ಮಾಡಿದ್ದಾರೆ. ಬೇಲೂರಿನ ಆ ಸಹಿಗಳ ಸಾಲಿನಲ್ಲಿ ಜಕಣಾಚಾರಿಯ ಹೆಸರಿಲ್ಲ. ಅವನು ಕಟ್ಟಿದನೆಂದು ಜನ ತೋರಿಸುವ ಗುಡಿಗಳಾದರೋ ಕಲ್ಯಾಣದ ಚಾಲುಕ್ಯರ ನಾಡಿನಿಂದ ಹಿಡಿದು ಮುಳಬಾಗಿಲಿನ ಬಳಿಯ ಕುರುಡುಮಲೆಯವರೆಗೆ ಹರಡಿವೆ, ಕಾಲದಲ್ಲೂ ಒಂದು ಜೀವಮಾನಕ್ಕೆ ಒಗ್ಗುವಂಥವಲ್ಲ. ಕುರುಡುಮಲೆಯ ಸೋಮೇಶ್ವರ ಗುಡಿಯಲ್ಲಂತೂ ಒಂದರ್ಧ ಜಕಣನದು, ಹೆಚ್ಚು ನಯವಾದ ಇನ್ನರ್ಧ ಡಂಕಣನದು ಎಂದು ಅಲ್ಲಿನವರು ಗೋಡೆ ಮುಟ್ಟಿ ತೋರಿಸುತ್ತಾರೆ. ಗೋಡೆಯ ಎರಡು ಭಾಗಗಳ ಕೆಲಸದಲ್ಲಿ ವ್ಯತ್ಯಾಸ ಇರುವುದು ನಿಜ. ಬೇರೆ ಬೇರೆ ತಂಡಗಳ ಕೈ ಆಡಿದ್ದರೆ ಹಾಗಾಗುವುದು ಸಹಜ. ಆ ವ್ಯತ್ಯಾಸವನ್ನು ಜನರ ಕಣ್ಣು ಸರಿಯಾಗಿಯೇ ಗಮನಿಸಿದೆ, ಅದಕ್ಕೆ ತಂದೆಮಗನ ಹೆಸರು ಕೊಟ್ಟಿದೆ.

ನನ್ನ ತಿಳಿವಳಿಕೆ ಇಷ್ಟು: ಜಕಣಾಚಾರಿ ಎಂಬುದು ಇಂದು ಒಬ್ಬ ವ್ಯಕ್ತಿಯ ಹೆಸರಾಗಿ ಉಳಿದಿಲ್ಲ, ಒಂದು ಇಡೀ ಪರಂಪರೆಯ ಹೆಸರಾಗಿದೆ. ಮಹಾರಾಷ್ಟ್ರದಲ್ಲಿ ಒಂದು ಬಗೆಯ ಹಳೆಯ ಕಲ್ಲುಗುಡಿಗಳನ್ನೆಲ್ಲ ಯಾದವರ ಮಂತ್ರಿ ಹೇಮಾದ್ರಿಯ ಹೆಸರಿನಿಂದ ಹೇಮಾಡ್‌ಪಂಥಿ ಎಂದು ಕರೆಯುವಂತೆ, ನಮ್ಮಲ್ಲಿ ಕಲ್ಲಿನ ಕೆಲಸ ಸೊಗಸಾಗಿದ್ದಲ್ಲೆಲ್ಲ ಜಕಣಾಚಾರಿಯ ಹೆಸರು ಬರುತ್ತದೆ. ‘ದಕ್ಷಿಣಾಚಾರಿ’ ಎಂಬುದೇ ಸವೆದು ಈ ಹೆಸರಾಗಿರಬಹುದೆಂದು ಊಹಿಸಿದವರಿದ್ದಾರೆ; ಅದು ಊಹೆ ಮಾತ್ರ, ಅದನ್ನು ಕಲ್ಲಿಗೆ ತರಬೇಡಿ. ಹಾಗೆಂದು, ಆ ಹೆಸರಿನ ಒಬ್ಬ ರೂವಾರಿ ಎಂದೂ ಇರಲಿಲ್ಲವೆಂದು ಹೇಳುವುದಕ್ಕೂ ಆಧಾರವಿಲ್ಲ. ಶಾಸನದಲ್ಲಿ ಹೆಸರಿಲ್ಲದವರೆಲ್ಲ ಇರಲೇ ಇಲ್ಲ ಎನ್ನುವುದಾದರೆ ಕೈದಾಳದ ಕೇಶವನನ್ನು ಯಾರೂ ಕೆತ್ತಲೇ ಇಲ್ಲ ಎನ್ನಬೇಕಾಗುತ್ತದೆ. ಇದನ್ನು ನಿಮ್ಮ ಮಗಳಿಗೆ ಹೇಳಿ, ಅವಳು ಒಪ್ಪುತ್ತಾಳೆ.

ಕಪ್ಪೆಯ ವಿಷಯದಲ್ಲಿ ನಿಮ್ಮ ಕಸುಬೇ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತದೆ. ಮುಚ್ಚಿದ ಕಲ್ಲಿನ ಪೊಳ್ಳಿನಲ್ಲಿ ಉಸಿರಾಡುವ ಪ್ರಾಣಿ ಬಹುಕಾಲ ಬದುಕಿ ಉಳಿಯಲಾರದು. ಕಥೆಯ ಆ ಭಾಗವನ್ನು ನಡೆದ ಘಟನೆಯೆಂದು ನಾನು ಹೇಳಲಾರೆ. ಆದರೆ ಕಲ್ಲನ್ನು ತಂದ ಮೇಲೆ ನೀವು ಮೊದಲು ಮಾಡುವ ಕೆಲಸವೇನು? ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅದರ ದನಿ ಕೇಳುತ್ತೀರಿ. ಕಂಚಿನಂತೆ ಖಣಿಲೆಂದರೆ ಒಳ್ಳೆಯ ಕಲ್ಲು, ಬದ್ದೆಂದರೆ ಒಳಗೆ ಬಿರುಕೋ ಪೊಳ್ಳೋ ಇದೆ. ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ ಇಂಥ ಕಲ್ಲಿಗೆ ‘ಗರ್ಭ’ವಿದೆಯೆನ್ನುತ್ತಾರೆ. ಕಲ್ಲಿನ ಮೈಮೇಲೆ ಲೇಪ ಹಚ್ಚಿ ಯಾವ ಬಣ್ಣದ ಮಂಡಲ ಮೂಡುತ್ತದೆಂದು ನೋಡಬೇಕು, ಅದರಿಂದ ಒಳಗಿರುವುದು ಕಪ್ಪೆಯೋ ಹಲ್ಲಿಯೋ ಚೇಳೋ ಎಂದು ತಿಳಿಯಬೇಕು, ಅಂಥ ಕಲ್ಲನ್ನು ದೇವರ ವಿಗ್ರಹಕ್ಕೆ ಬಳಸಕೂಡದು ಎಂಬ ವಿಧಿಗಳು ಅವುಗಳಲ್ಲಿವೆ. ಡಂಕಣ ಮಾಡಿದ ಗಂಧದ ಪರೀಕ್ಷೆ ಇದೇ. ಕಸುಬಿನ ಗುಟ್ಟೊಂದು ಕಥೆಯ ಉಡುಗೆ ತೊಟ್ಟು ಎಷ್ಟೋ ತಲೆಮಾರು ಸಾಗಿಬಂದಿದೆ. ಬೇಲೂರಿನಲ್ಲಿ ‘ಕಪ್ಪೆ ಚೆನ್ನಿಗರಾಯ’ನೆಂದು ತೋರಿಸುವ ವಿಗ್ರಹವನ್ನು ಪ್ರತಿಷ್ಠೆ ಮಾಡಿಸಿದವಳು ರಾಣಿ ಶಾಂತಲೆ. ಅದರ ಹೊಕ್ಕಳ ಕಥೆಯನ್ನು ಅರಮನೆಯವರಾಗಲಿ ಕವಿಗಳಾಗಲಿ ಹುಟ್ಟಿಸಿರಲಾರರು, ಕಲ್ಲು ತಟ್ಟಿ ನೋಡಿ ಬಲ್ಲವರೇ ಹುಟ್ಟಿಸಿರಬೇಕು.

ಊರ ಹೆಸರಿನ ಬಗ್ಗೆ ಒಂದೇ ಮಾತು. ಹನ್ನೆರಡನೆಯ ಶತಮಾನದ ಶಾಸನದಲ್ಲೇ ಈ ಊರು ಕಯ್ದಾಳ. ಕೈ ಬಂದುದರಿಂದ ಕೈದಾಳವಾಯಿತು ಎಂಬುದು, ಕೋಲಾಹಲದಿಂದ ಕೋಲಾರ ಬಂತೆನ್ನುವ ಹಾಗೆ, ಇರುವ ಹೆಸರಿಗೆ ಆಮೇಲೆ ಹೊಂದಿಸಿದ ಅರ್ಥವೆಂದೇ ತೋರುತ್ತದೆ. ಕೋಲಾರದ ಹಳೆಯ ಹೆಸರು ಕುವಲಾಲ ಎಂದು ಶಾಸನಗಳು ಸ್ಪಷ್ಟವಾಗಿ ಹೇಳುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ಶಾಸನ ಮಾತ್ರ ಸತ್ಯ, ಕಥೆಯೆಲ್ಲ ಸುಳ್ಳು ಎಂದು ನೀವು ತಿಳಿಯಬಾರದು. ಶಾಸನ ಬರೆಸುವವನೂ ತನ್ನ ಹೊಗಳಿಕೆಯನ್ನು ತಾನೇ ಬರೆಸುತ್ತಾನೆ. ‘ಕುವಲಾಲಪುರವರಾಧೀಶ್ವರ, ನಂದಗಿರಿನಾಥ’ ಎಂಬ ಗಂಗರ ಬಿರುದನ್ನು ಕೋಲಾರವನ್ನಾಗಲಿ ನಂದಿಯನ್ನಾಗಲಿ ಎಂದೂ ಆಳದ ಎಷ್ಟೋ ಸಣ್ಣ ನಾಯಕರು ಎಲ್ಲೆಲ್ಲಿಯೋ ಕುಳಿತು ಕೆತ್ತಿಸಿಕೊಂಡಿದ್ದಾರೆ. ಶಾಸನವನ್ನು ಓದುವಾಗ ನಾನು ಹೆಚ್ಚು ನಂಬುವುದು ಅದರ ವರ್ಷ, ದಾನ, ಗಡಿ ಮತ್ತು ಕ್ರಿಯಾಪದವನ್ನು. ಆ ಕ್ರಿಯಾಪದ ಹೆಚ್ಚಿನ ಕಡೆ ‘ಮಾಡಿಸಿ’ ಎಂದಿರುತ್ತದೆ. ದೇಗುಲಮಂ ಮಾಡಿಸಿ, ಕೆರೆಯಂ ಕಟ್ಟಿಸಿ, ದತ್ತಿಯಂ ಬಿಟ್ಟ. ರೂವಾರಿಗಳ ಸಹಿಗಳಲ್ಲಿ ಕಾಣುವುದು ‘ಮಾಡಿದ’ ಎಂಬ ನೇರವಾದ ಮಾತು, ಇಲ್ಲವೇ ಬರಿಯ ಹೆಸರು. ‘ಇಸು’ ಎಂಬ ಒಂದು ಪ್ರತ್ಯಯದಲ್ಲಿ ಹಣ ಕೊಟ್ಟವನೂ ಬೆವರು ಸುರಿಸಿದವನೂ ಬೇರೆಯಾಗಿ ನಿಲ್ಲುತ್ತಾರೆ. ಕೈದಾಳದ ಶಾಸನ ಮಾಡಿಸಿದವನನ್ನು ನೆನೆದು ಮಾಡಿದವನನ್ನು ಮರೆಯಿತು. ಕೈದಾಳದ ಕಥೆ ಮಾಡಿದವನನ್ನು ನೆನೆದು ಮಾಡಿಸಿದವನನ್ನು ಮರೆಯಿತು. ನಿಮ್ಮಜ್ಜ ನೆನೆಯುತ್ತಿದ್ದುದು ಶಾಸನ ಬಿಟ್ಟುಹೋದ ಆ ಮನುಷ್ಯನನ್ನು. ಅವನು ಖಂಡಿತ ಇದ್ದ. ಅವನ ನಿಜವಾದ ಹೆಸರು ಏನಿತ್ತೆಂಬುದಷ್ಟೇ ಪ್ರಶ್ನೆ.

ಇದು ಕೈದಾಳದ ಮಾತಷ್ಟೇ ಅಲ್ಲ. ನಂದಿ ಗ್ರಾಮಕ್ಕೆ ಹೋದರೆ ನಂದಿ ತನ್ನ ಕೊಂಬಿನಿಂದ ತಿವಿದು ಗಂಗೆಯನ್ನು ತಂದ ಶೃಂಗಿತೀರ್ಥದ ಕಥೆಯನ್ನು ಮಕ್ಕಳೂ ಹೇಳುತ್ತಾರೆ. ಸುಮಾರು 810ರ ತಾಮ್ರಪಟದಲ್ಲಿ ಅಲ್ಲಿ ಶಿವಾಲಯ ಮಾಡಿಸಿದವಳೆಂದು ಹೆಸರಿಸಿರುವ ಬಾಣ ಮನೆತನದ ರಾಣಿ ರತ್ನಾವಳಿಯನ್ನು ಹೇಳುವವರು ಕಡಿಮೆ.

ಈಗ ನಿಮ್ಮ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಸಂಘದವರ ಒಕ್ಕಣೆಯನ್ನೇ ಕೆತ್ತಿದರೆ ಇಂದು ಯಾರಿಗೂ ಬೇಸರವಾಗುವುದಿಲ್ಲ, ಆದರೆ ಅಪಾಯ ಅದರ ವರ್ಷದಲ್ಲಿದೆ. 1117 ಬೇಲೂರಿನ ಪ್ರತಿಷ್ಠೆಯ ವರ್ಷ. ಅದನ್ನು ಕೈ ಕತ್ತರಿಸಿಕೊಂಡ ಪ್ರಸಂಗಕ್ಕೆ ಅಂಟಿಸಲು ಯಾವ ಆಧಾರವೂ ಇಲ್ಲ. ಕಥೆಗೆ ವರ್ಷ ಬಂದ ಕೂಡಲೇ ಅದು ದಾಖಲೆಯ ವೇಷ ಹಾಕುತ್ತದೆ. ಶಾಸನ ಓದಬಲ್ಲ ಒಬ್ಬ ಹುಡುಗ ಬಂದು ವರ್ಷ ತಪ್ಪೆಂದು ತೋರಿಸಿದರೆ, ವರ್ಷದ ಜೊತೆ ಕಥೆಯೂ, ಅದರೊಳಗಿನ ಕಸುಬಿನ ತಿಳಿವೂ ಬಿದ್ದುಹೋಗುತ್ತವೆ. ‘ನಮ್ಮ ವಂಶದ ಮೂಲಪುರುಷ’ ಎಂಬ ಮಾತೂ ಹಾಗೆಯೇ. ಕಸುಬಿನ ಪರಂಪರೆ ಬೇರೆ, ರಕ್ತದ ವಂಶಾವಳಿ ಬೇರೆ. ಇಂಥ ಒಂದು ಸಾಲನ್ನು ಹಿಡಿದುಕೊಂಡು ದೇವರ ಮುಂದಿನ ಮೊದಲ ಮರ್ಯಾದೆ ತಮ್ಮ ಮನೆಗೇ ಸಲ್ಲಬೇಕೆಂದು ಎರಡು ಕುಟುಂಬಗಳು ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ನಾನು ಬೇರೊಂದು ಊರಿನಲ್ಲಿ ಕಂಡಿದ್ದೇನೆ.

ಮಗಳ ಮಾತು ಹಿಡಿದು ಬಾಚಿದೇವನ ಸಂಗತಿಯನ್ನಷ್ಟೇ ಕೆತ್ತುವುದು ಇನ್ನೊಂದು ದಾರಿ. ಅದರಲ್ಲಿ ತಪ್ಪು ಮಾಹಿತಿ ಇರುವುದಿಲ್ಲ. ಆದರೆ ಕಲ್ಲು ಕೆತ್ತುವವರೇ ನಿಲ್ಲಿಸಿದ ಕಲ್ಲಿನಲ್ಲಿ ಕಲ್ಲು ಕೆತ್ತಿದವನಿಗೆ ಜಾಗವಿಲ್ಲದಂತಾಗುತ್ತದೆ, ಸಂಘದವರೂ ಒಪ್ಪಲಾರರು. ಒಪ್ಪದಿದ್ದರೆ ಮತ್ತೊಬ್ಬರ ಕೈಯಲ್ಲಿ ಹಳೆಯ ಒಕ್ಕಣೆಯನ್ನೇ ಕೆತ್ತಿಸುತ್ತಾರೆ.

ನಾನು ಸೂಚಿಸುವುದು ಎರಡನ್ನೂ ಕೆತ್ತುವುದನ್ನು, ಆದರೆ ಎರಡು ಬೇರೆ ಬೇರೆ ಭಾಗಗಳಲ್ಲಿ, ನಡುವೆ ಒಂದು ಗೆರೆ ಎಳೆದು, ಕ್ರಿಯಾಪದಗಳನ್ನು ಎಚ್ಚರದಿಂದ ಆರಿಸಿ. ನಮ್ಮ ಅಜ್ಜಿಯಂದಿರು ಕಥೆ ಹೇಳುವಾಗ ಪ್ರತಿ ವಾಕ್ಯದ ಕೊನೆಗೂ ಒಂದು ‘ಅಂತೆ’ ಸೇರಿಸುತ್ತಿದ್ದರು. ಇದ್ದನಂತೆ, ಹೋದನಂತೆ, ಕೈ ಬಂತಂತೆ. ನಾನು ಕಣ್ಣಾರೆ ಕಂಡದ್ದಲ್ಲ, ಹಿರಿಯರಿಂದ ಕೇಳಿದ್ದು ಎಂದು ಆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಸ್ಥಳಪುರಾಣದ ಹಲಗೆಗಳನ್ನು ಬರೆಸುವವರು ಮೊದಲು ಅಳಿಸುವುದು ಈ ‘ಅಂತೆ’ಯನ್ನೇ. ನಿಮ್ಮ ಕಲ್ಲಿನಲ್ಲಿ ಅದು ಉಳಿಯಲಿ. ಕೆಲವರಿಗೆ ಇದು ದೇವರ ಮಹಿಮೆಯನ್ನು ಸಂಶಯಿಸಿದಂತೆ ಕಾಣಬಹುದು. ಅಂಥವರಿಗೆ ‘ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ’ ಎಂಬ ರೂಪ ಒಪ್ಪಿಗೆಯಾಗುತ್ತದೆ. ಒಕ್ಕಣೆ ಹೀಗಿರಬಹುದು:

‘ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಕ್ರಿ.ಶ. 1150ರ ಸುಮಾರಿಗೆ, ಸಾಮಂತ ಬಾಚಿದೇವನು ಕೈದಾಳದಲ್ಲಿ ಶಿವಾಲಯವನ್ನೂ ವಿಷ್ಣು ದೇಗುಲವನ್ನೂ ಜೈನ ಬಸದಿಯನ್ನೂ ಮಾಡಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ.’ ಗೆರೆಯ ಕೆಳಗೆ: ‘ಚೆನ್ನಕೇಶವನ ಮೂರ್ತಿಯನ್ನು ಕೆತ್ತಿದವನು ಇದೇ ಊರಿನ ಜಕಣಾಚಾರಿಯೆಂದು, ಬೇಲೂರಿನ ವಿಗ್ರಹದಲ್ಲಿ ಮಗ ಡಂಕಣನು ದೋಷ ತೋರಿಸಿದಾಗ ತನ್ನ ಬಲಗೈಯನ್ನು ಕತ್ತರಿಸಿಕೊಂಡ ಆತನಿಗೆ ಇಲ್ಲಿ ಸ್ವಾಮಿಯ ಕೃಪೆಯಿಂದ ಕೈ ಮರಳಿ ಬಂತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.’

ಸಂಘದಲ್ಲಿ ಕೆಲವರು ಈ ಕಲ್ಲನ್ನು ಕೈದಾಳದ ಗುಡಿಯ ಬಳಿಯೇ ನಿಲ್ಲಿಸೋಣವೆಂದರೆ ಆತುರಪಡಬೇಡಿ. ರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ಯಾವ ಹಳೆಯ ಗುಡಿಯ ಆವರಣದಲ್ಲೇ ಆಗಲಿ ಗುಂಡಿ ತೋಡುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಬರಹದಲ್ಲಿ ಅನುಮತಿ ಪಡೆಯಬೇಕು. ನಿಮ್ಮ ಊರಿನ ಗುಡಿಯಂಗಳದಲ್ಲಿ ನಿಲ್ಲಿಸುವುದೇ ಸುಲಭ, ಕ್ಷೇಮ.

ಇನ್ನೊಂದು ವಿನಂತಿ, ಇದು ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು. ನಿಮ್ಮ ಊರ ಅಂಗಳದಲ್ಲೋ ಕೆರೆ ಏರಿಯ ಮೇಲೋ ಹಳೆಯ ಶಾಸನದ ಕಲ್ಲಿದ್ದರೆ, ಹೊಸ ಕಲ್ಲಿನ ಸಂಭ್ರಮದಲ್ಲಿ ಅದನ್ನು ‘ಚೊಕ್ಕಟ’ ಮಾಡಲು ಯಾರನ್ನೂ ಬಿಡಬೇಡಿ. ಮರಳು ಹೊಡೆಸಿ ತೊಳೆಯುವ ಯಂತ್ರ ಅರ್ಧ ಗಂಟೆಯಲ್ಲಿ ಎಂಟುನೂರು ವರ್ಷದ ಅಕ್ಷರಗಳನ್ನು ತಿಂದುಹಾಕುತ್ತದೆ. ಅಕ್ಷರ ಎದ್ದು ಕಾಣಲೆಂದು ಎನಾಮಲ್ ಬಣ್ಣ ತುಂಬಿದರೆ ಮುಂದೆ ಓದುವವರಿಗೆ ಕಾಣುವುದು ಬಣ್ಣ ತುಂಬಿದವನ ಊಹೆ ಮಾತ್ರ. ಕೋಲಾರ ಸೀಮೆಯ ಒಂದು ಹಳ್ಳಿಯಲ್ಲಿ ಹಾಗೆ ನೀಲಿ ಬಣ್ಣ ಬಳಿದ ಕಲ್ಲಿನ ಮುಂದೆ ಇಡೀ ದಿನ ಕುಳಿತು, ಮೂರು ಸಾಲಿಗಿಂತ ಹೆಚ್ಚು ಓದಲಾಗದೆ ಎದ್ದು ಬಂದಿದ್ದೇನೆ. ನಾವು ಅಚ್ಚು ತೆಗೆಯುವಾಗ ಬಳಸುವುದು ನೀರು, ಮೆತ್ತನೆಯ ಕುಂಚ, ಒದ್ದೆ ಕಾಗದ ಮತ್ತು ಮಸಿ ಮಾತ್ರ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ ಕುಂಚದಿಂದ ಬಡಿದರೆ ಅದು ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ಹಳ್ಳಕ್ಕೆ ಮಸಿ ತಾಗದೆ ಕಪ್ಪು ಹಾಳೆಯಲ್ಲಿ ಅಕ್ಷರಗಳು ಬೆಳ್ಳಗೆ ಏಳುತ್ತವೆ. ಕಲ್ಲಿಗೆ ಗೀರೂ ಬೀಳುವುದಿಲ್ಲ. ನಿಮ್ಮ ಮಗಳಿಗೆ ಆಸಕ್ತಿಯಿದ್ದರೆ ಈ ಕೆಲಸ ಕಲಿಯಲಿ. ಕಲ್ಲಿನ ದನಿ ಬಲ್ಲ ಮನೆಯ ಹುಡುಗಿಗೆ ಅದು ಬೇಗ ಕೈ ಹತ್ತುತ್ತದೆ.

ಕಲ್ಲು ಸಿದ್ಧವಾದಾಗ ಅಡಿಯಲ್ಲಿ ನಾಲ್ಕು ಬೆರಳು ಅಗಲದ ಜಾಗ ಬಿಟ್ಟುಕೊಳ್ಳಿ. ಸಂಘದ ಪದಾಧಿಕಾರಿಗಳ ಹೆಸರು ‘ಮಾಡಿಸಿದವರು’ ಎಂದು ಹೇಗೂ ಬರುತ್ತದೆ. ಅದರ ಪಕ್ಕದಲ್ಲಿ, ಬಳ್ಳಿಗಾವೆಯ ದಾಸೋಜನ ಮಗ ಚಾವಣ ಬೇಲೂರಿನಲ್ಲಿ ಬಿಟ್ಟುಹೋದಂತೆ, ನಿಮ್ಮ ಊರು, ನಿಮ್ಮ ತಂದೆಯ ಹೆಸರು, ನಿಮ್ಮ ಹೆಸರು ಬರೆದು ಮುಂದೆ ‘ಮಾಡಿದ’ ಎಂದು ಕೆತ್ತಿ.